ಮದ್ದೂರು ಲೈಟು

ರಂಗಸ್ವಾಮಿ ತನ್ನ ಮೇಜಿನ ಮೇಲೆ ‘ನೆಟ್‌ವರ್ಕ್ ಇನ್‌ಚಾರ್ಜ್’ ಎಂದು ಬರೆದ ಫಲಕ ಇಟ್ಟುಕೊಂಡ ದಿನ ಅವನ ಹೆಂಡತಿ ಸುಧಾಮಣಿಗೆ ಬಲಗಣ್ಣು ಅದುರಿತು. ಹೆಂಗಸರಿಗೆ ಬಲಗಣ್ಣು ಅದುರಿದರೆ ಕೇಡು ಎಂಬುದನ್ನು ಬಿ.ಎ. ಓದಿದ ಸುಧಾಮಣಿ ನಂಬುತ್ತಿರಲಿಲ್ಲ. ಗಂಡ ಫಲಕ ಇಟ್ಟುಕೊಂಡರೆ ಕೇಡು ಎಂಬುದನ್ನು ಮಾತ್ರ, ಅನುಭವದ ಮೇಲೆ, ನಂಬಿದ್ದಳು.

ಗಂಡ ಹೆಂಡತಿ ಇಬ್ಬರೂ ಗುಂಡ್ಲುಪೇಟೆಯ ಹೊಂಬಿಸಿಲು ಹೂ ಬೆಳೆಗಾರರ ಸಂಘದ ನೌಕರರು. ಸುತ್ತಲ ಹಳ್ಳಿಗಳ ಚೆಂಡುಹೂವನ್ನು ತರಿಸಿ, ತೂಗಿ, ಓಣಂ ಹೊತ್ತಿಗೆ ಕೇರಳಕ್ಕೆ ಕಳಿಸುವುದು ಸಂಘದ ಕಸುಬು. ಹಿಂದೆಲ್ಲ ಅಂಗಳದ ಆ ತುದಿಯ ತೂಕದ ಮನೆಯಿಂದ ಒಬ್ಬ ತೂಕ ಕೂಗುತ್ತಿದ್ದ, ಈ ತುದಿಯ ಕಚೇರಿಯಲ್ಲಿ ರಂಗಸ್ವಾಮಿ ಬರೆದುಕೊಳ್ಳುತ್ತಿದ್ದ. ಮಧ್ಯೆ ಟ್ರ್ಯಾಕ್ಟರುಗಳು ಹಾರನ್ ಹೊಡೆಯುತ್ತಿದ್ದವು. ಆದಕಾರಣ ಅಲ್ಲಿಂದ ಅರವತ್ತಾಗಿ ಹೊರಟದ್ದು ಇಲ್ಲಿಗೆ ಎಪ್ಪತ್ತಾಗಿ ತಲುಪುವುದು ವಾಡಿಕೆಯಾಗಿತ್ತು. ಕಲ್ಲಿಕೋಟೆಯ ವರ್ತಕ ಇದನ್ನು ಒಂದು ವರ್ಷ ಸಹಿಸಿದ. ಮರುವರ್ಷ, ಕಂಪ್ಯೂಟರು ಮುದ್ರಿಸಿದ ತೂಕದ ಚೀಟಿ ಕೈಗೆ ಬರದೆ ತನ್ನ ಲಾರಿ ಅಂಗಳ ಬಿಡುವುದಿಲ್ಲ ಎಂದುಬಿಟ್ಟ.

ಹಾಗಾಗಿ ಚಾಮರಾಜನಗರದಿಂದ ಸುನೀಲ್ ಕುಮಾರ್ ಎಂಬ ಇಂಜಿನಿಯರ್ ಬಂದು ತೂಕದ ಮನೆಯ ಕಂಪ್ಯೂಟರು, ಚೀಟಿ ತೆಗೆಯುವ ಸುಧಾಮಣಿಯ ಕಂಪ್ಯೂಟರು, ಕಾರ್ಯದರ್ಶಿಗಳ ಕಂಪ್ಯೂಟರು ಮತ್ತು ಪ್ರಿಂಟರು, ಇವಿಷ್ಟಕ್ಕೂ ನೀಲಿ ತಂತಿ ಎಳೆದ. ಎಲ್ಲ ತಂತಿಗಳೂ ಕಚೇರಿಯ ಗೋಡೆಗೆ ಹೊಡೆದ ಒಂದು ಚಪ್ಪಟೆ ಡಬ್ಬಕ್ಕೆ ಬಂದು ಸೇರಿದವು. ಡಬ್ಬದ ಮೈಗೆ ಸಾಲಾಗಿ ಚೌಕ ತೂತುಗಳು. ತಂತಿಯ ತುದಿಯನ್ನು ತೂತಿಗೆ ಚುಚ್ಚಿದರೆ ಟಕ್ ಅನ್ನುತ್ತದೆ, ಆ ತುದಿಯಲ್ಲಿ ಯಾವುದಾದರೂ ಯಂತ್ರ ಇದ್ದರೆ ಪಕ್ಕದಲ್ಲಿ ಹಸಿರು ದೀಪ ಹತ್ತುತ್ತದೆ.

“ಇದಕ್ಕೆ ಸ್ವಿಚ್ ಅಂತಾರೆ,” ಎಂದ ಸುನೀಲ್ ಕುಮಾರ್. “ಫ್ಯಾನ್ ಸ್ವಿಚ್ ಅಲ್ಲ. ಇದು ನಿಮ್ಮ ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಇದ್ದ ಹಾಗೆ. ಊಟಿ ಜನ ಊಟಿ ಬಸ್ಸಿಗೆ, ಮೈಸೂರು ಜನ ಮೈಸೂರು ಬಸ್ಸಿಗೆ. ಒಂದೊಂದು ತೂತೂ ಒಂದೊಂದು ಪ್ಲಾಟ್‌ಫಾರ್ಮ್. ತೂಕದ ಮನೆಯಿಂದ ಬಂದ ಸುದ್ದಿ ಯಾರಿಗೆ ಅಂತ ವಿಳಾಸ ನೋಡಿ ಆ ತಂತಿಗೆ ಹತ್ತಿಸುತ್ತೆ. ತಂತಿ ಒಳಗೆ ಎಂಟು ತಾಮ್ರದ ಎಳೆ, ಎರಡೆರಡು ಹೆಣೆದುಕೊಂಡಿರ್ತವೆ. ನೂರು ಮೀಟರ್ ಮೀರಬಾರದು. ಗೊತ್ತಾಯ್ತಾ?”

ರಂಗಸ್ವಾಮಿ ತಲೆಯಾಡಿಸಿದ. ಅವನು ತಲೆಯಾಡಿಸುವ ರೀತಿ ಹೇಗೆಂದರೆ, ಹೇಳಿಕೊಡುತ್ತಿರುವವರಿಗೇ ತಮ್ಮ ವಿದ್ಯೆಯ ಮೇಲೆ ಅನುಮಾನ ಬರಬೇಕು. “ಇದನ್ನು ನೋಡಿಕೊಳ್ಳೋರು ಯಾರು?” ಎಂದು ಸುನೀಲ್ ಕುಮಾರ್ ಕೇಳಿದಾಗ ಉಳಿದವರ ಬಾಯಲ್ಲಿ ಟೀ ಇತ್ತು. ಲೋಟ ಕೆಳಗಿಟ್ಟಿದ್ದವನು ರಂಗಸ್ವಾಮಿ ಒಬ್ಬನೇ. ಫಲಕವನ್ನು ಅವನು ಅದೇ ಪ್ರಿಂಟರಿನಲ್ಲಿ ಮುದ್ರಿಸಿಕೊಂಡ. ಸಂಘದ ನೆಟ್‌ವರ್ಕಿನಲ್ಲಿ ಮೊತ್ತಮೊದಲು ಪ್ರಯಾಣ ಮಾಡಿದ ಸುದ್ದಿ ಅದೇ.

ಅಲ್ಲಿಂದ ಮುಂದೆ ಆ ಸುದ್ದಿ ತಂತಿಯ ಹಂಗಿಲ್ಲದೆ ಊರು ಸುತ್ತಿತು. ಗುಂಡ್ಲುಪೇಟೆಯಲ್ಲಿ ನೆಟ್‌ವರ್ಕ್ ಎಂದರೆ ಒಂದೇ ಅರ್ಥ: ಮೊಬೈಲಿನ ಮೂಲೆಯಲ್ಲಿ ನಿಲ್ಲುವ ಕಡ್ಡಿಗಳು. ಆ ಕಡ್ಡಿಗಳು ಮಾಯವಾದಾಗ ಯಾರನ್ನು ಬೈಯಬೇಕೆಂದು ತಿಳಿಯದೆ ಕಂಗಾಲಾಗಿದ್ದ ಜನಕ್ಕೆ ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ್ದ. ಎದುರುಮನೆಯ ಪುಟ್ಟಸಿದ್ದಮ್ಮ ರಂಗೋಲಿಯನ್ನು ಅರ್ಧಕ್ಕೆ ಬಿಟ್ಟು ಬಂದಳು.

“ಏನಪ್ಪಾ ರಂಗಸ್ವಾಮಿ, ನಿನ್ನೆ ನನ್ ಮಗಳ್ ಕೂಡ ಮಾತಾಡ್ತಾವ್ನಿ, ಮದ್ಯಕ್ಕೇ ಕಟ್ ಮಾಡ್ಬುಟ್ಟಲ್ಲ! ನಿನಗೇನ್ ಅನ್ಯಾಯ ಮಾಡಿದ್ದೆ ನಾನು?”

“ಅದು ನಾನಲ್ಲ ಅಜ್ಜಿ.”

“ನೀನಲ್ದೆ ಇದ್ರೆ ಬೋರ್ಡ್ ಯಾಕ್ ಮಡಿಕ್ಕಂಡಿದ್ದೀಯ?”

ಚಂದಕವಾಡಿಯ ಚಿಕ್ಕಪ್ಪ ಫೋನು ಮಾಡಿ, ತಮ್ಮ ಮನೆಯ ಕಡೆಗೆ ಒಂದು ಕಡ್ಡಿ ಜಾಸ್ತಿ ಬಿಡಬೇಕೆಂದೂ, ಪಕ್ಕದ ದಾಯಾದಿಗಳಿಗೆ ಮಾತ್ರ ಬೇಡವೆಂದೂ ಕೇಳಿಕೊಂಡರು. ಇಲ್ಲ ಎನ್ನುವ ಬದಲು ರಂಗಸ್ವಾಮಿ ಎಲ್ಲರಿಗೂ “ನೋಡ್ತೀನಿ” ಎಂದ. ಮಾರನೆಯ ದಿನ ತನ್ನಷ್ಟಕ್ಕೆ ತಾನೇ ನೆಟ್‌ವರ್ಕ್ ಚೆನ್ನಾಗಿ ಬಂತು. ಪುಟ್ಟಸಿದ್ದಮ್ಮ ಕಜ್ಜಾಯ ತಂದುಕೊಟ್ಟಳು. ರಂಗಸ್ವಾಮಿ ತಿಂದ.

“ನೀವು ಯಾಕೆ ತಿಂದ್ರಿ?” ಎಂದು ಸುಧಾಮಣಿ ಗದರಿದಳು.

“ಬಿಸಿ ಇತ್ತು ಕಣೇ.”

ಆ ಕಜ್ಜಾಯದ ಕತೆ ಮದ್ದೂರಿಗೂ ಹೋಯಿತು. ಅದು ಬಂಡೀಪುರ ಕಾಡಿನಂಚಿನ ಊರು, ಸುಧಾಮಣಿಯ ತವರು. ಅಲ್ಲಿ ಫೋನು ಮಾಡಬೇಕೆಂದರೆ ಊರಾಚೆಯ ಬಂಡೆ ಹತ್ತಬೇಕು. ಬಂಡೆಯ ಮೇಲೆ ಕಡ್ಡಿ ಇರುತ್ತದೆ, ಒಮ್ಮೊಮ್ಮೆ ಕರಡಿಯೂ ಇರುತ್ತದೆ. ಸುಧಾಮಣಿಯ ಅಪ್ಪ ದೊಡ್ಡಬೀರಯ್ಯ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ಮೀಸೆಯ ಮೇಲೆ ಕೈಯಿಟ್ಟು ಹೇಳಿದರು: “ಇಡೀ ತಾಲ್ಲೂಕಿನ್ ನೆಟ್‌ವರ್ಕು ನನ್ನಳಿಯನ್ ಕೈಲದೆ. ನಾಳೆ ನಮ್ಮೂರ್ಗೂ ಬುಡುಸ್ತೀನಿ.”

ಆ ನಾಳೆ ಓಣಂ ಹತ್ತಿರ ಬಂದ, ಸಂಘದ ಅತಿ ದೊಡ್ಡ ಲಾರಿ ಹೊರಡಬೇಕಿದ್ದ ದಿನವೇ ಆಗಿಹೋಯಿತು.

ಲಾರಿ ಅಂಗಳದಲ್ಲಿ ನಿಂತಿತ್ತು. ಒಂದು ಕಡೆ ಟ್ರ್ಯಾಕ್ಟರುಗಳಿಂದ ಹೂವು ಇಳಿಯುತ್ತಿತ್ತು, ಇನ್ನೊಂದು ಕಡೆ ಬಸವಮ್ಮ ಮತ್ತು ಅವಳ ಜೊತೆಯ ಹೆಂಗಸರು ಬಾಡಿದ್ದನ್ನು ಆರಿಸಿ ತೆಗೆದು, ಒಳ್ಳೆಯದನ್ನು ಲಾರಿಗೆ ಹೊರುತ್ತಿದ್ದರು. ಹೊತ್ತು ಇಳಿಯುತ್ತಿತ್ತು. ಕೇರಳದ ದಾರಿಗೆ ಮದ್ದೂರಿನ ಬಳಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುತ್ತದೆ. ಅಲ್ಲಿಂದಾಚೆಗೆ ಬೆಳಿಗ್ಗೆ ಆರರ ತನಕ ರಸ್ತೆ ಕಾಡುಪ್ರಾಣಿಗಳ ಪಾಲು. ಅಷ್ಟರೊಳಗೆ ಲಾರಿ ದಾಟದಿದ್ದರೆ ಹೂವು ರಾತ್ರಿಯಿಡೀ ಗೇಟಿನಲ್ಲಿ ಬೆವರಿ ಕೊಳೆಯುತ್ತದೆ, ಹಬ್ಬದ ಸಂತೆ ತಪ್ಪುತ್ತದೆ, ಕಲ್ಲಿಕೋಟೆಯ ವರ್ತಕ ಮುಂದಿನ ವರ್ಷ ಇತ್ತ ತಲೆ ಹಾಕುವುದಿಲ್ಲ. ಇದನ್ನು ಸಂಘದ ಕಾರ್ಯದರ್ಶಿ ಗುರುಮಲ್ಲಯ್ಯನವರು ಬೆಳಗಿನಿಂದ ಕಂಡಕಂಡವರಿಗೆಲ್ಲ, ಕತ್ತಿನ ನಾಡಿ ಹಿಡಿದು ನೋಡಿಕೊಳ್ಳುತ್ತ, ಹೇಳುತ್ತಿದ್ದರು.

ದೊಡ್ಡಬೀರಯ್ಯ ಹೆಗಲ ಮೇಲಿನ ಟವಲು ಕೊಡವಿ ಕಚೇರಿಯೊಳಗೆ ಬಂದರು. ಮಗಳ ಕಡೆ ನೋಡಿ ನಕ್ಕು, ನೇರವಾಗಿ ಫಲಕದ ಮುಂದೆ ನಿಂತರು.

“ಅಳಿಯಂದ್ರೇ, ಒಸಿ ನೆಟ್‌ವರ್ಕ್ ಬುಡಿ ನಮ್ಮೂರ್ಗೆ.”

“ಮಾವ, ಇದು ಆ ನೆಟ್‌ವರ್ಕ್ ಅಲ್ಲ. ಇದು ತಂತೀದು.”

“ತಂತೀದೇ ಬುಡಿ. ನಾವೇನ್ ಬ್ಯಾಡ ಅಂದವಾ?”

“ನೂರು ಮೀಟರ್ ದಾಟಿದ್ರೆ ತಂತೀಲಿ ದಮ್ಮಿರಲ್ಲ ಮಾವ. ಅಲ್ಲೊಂದು ಡಬ್ಬ ಮಡಗಬೇಕು. ಮತ್ತೆ ನೂರು ಮೀಟರ್, ಮತ್ತೊಂದು ಡಬ್ಬ.”

“ಮಡಗಿ. ಕಾಡಲ್ಲಿ ಮರಕ್ಕೇನ್ ಕಮ್ಮಿ? ಮರಕ್ಕೊಂದು ಕಟ್ಕಂಡ್ ಬಂದ್ರಾಯ್ತು.”

“ಆನೆ ಕಿತ್ತಾಕ್ತವೆ ಮಾವ.”

“ಆನೆಗೆ ನಾವ್ ಏಳ್ಕತೀವಿ. ನೀವು ಬುಡಿ ಮೊದ್ಲು.”

ಸುಧಾಮಣಿ ಚೀಟಿ ತೆಗೆಯುತ್ತಲೇ ಇತ್ತ ಒಂದು ಕಿವಿ ಇಟ್ಟಿದ್ದಳು. ಗಂಡ ಈಗ ಒಂದೇ ಒಂದು ಸಲ “ಆಗಲ್ಲ” ಎಂದರೆ ಸಾಕಿತ್ತು. ಆದರೆ ರಂಗಸ್ವಾಮಿ ಮಾವನಿಗೆ ಆ ಮಾತನ್ನು ಮದುವೆಯಾದಾಗಿನಿಂದ ಹೇಳಿದವನಲ್ಲ. “ಊರವರ್ ಮುಂದೆ ಮಾತ್ ಕೊಟ್ಟು ಬಂದಿವ್ನಿ ಅಳಿಯಂದ್ರೇ,” ಎಂದು ದೊಡ್ಡಬೀರಯ್ಯ ದನಿ ತಗ್ಗಿಸಿದಾಗ ಅವನ ಕೈ ತಾನಾಗಿಯೇ ಡ್ರಾಯರಿಗೆ ಹೋಯಿತು. ಅಲ್ಲಿ ಸುನೀಲ್ ಕುಮಾರ್ ಬಿಟ್ಟುಹೋಗಿದ್ದ, ಎರಡು ತುದಿಗೂ ಕ್ಲಿಪ್ಪಿದ್ದ ಒಂದು ನೀಲಿ ತಂತಿ ಇತ್ತು.

ರಂಗಸ್ವಾಮಿ ಅದರ ಒಂದು ತುದಿಯನ್ನು ಡಬ್ಬದ ಖಾಲಿ ತೂತಿಗೆ ಚುಚ್ಚಿದ. ಟಕ್ ಅಂದಿತು.

“ಲೈಟ್ ಬರ್ನಿಲ್ವಲ್ಲಾ?” ಎಂದರು ಮಾವ.

“ಇನ್ನೊಂದು ತುದಿ ಇದೆಯಲ್ಲ ಮಾವ.” ರಂಗಸ್ವಾಮಿ ಇನ್ನೊಂದು ತುದಿಯನ್ನು ಹಿಡಿದು ಅತ್ತಿತ್ತ ನೋಡಿದ. ಅದನ್ನು ಚುಚ್ಚಲು ಮದ್ದೂರು ಹತ್ತಿರದಲ್ಲಿರಲಿಲ್ಲ. ಪಕ್ಕದ ತೂತು ಹತ್ತಿರದಲ್ಲಿತ್ತು. ಟಕ್.

ಎರಡು ಹಸಿರು ದೀಪಗಳು ಒಟ್ಟಿಗೆ ಹತ್ತಿಕೊಂಡು ಪಟಪಟ ಮಿಟುಕತೊಡಗಿದವು. ಡಬ್ಬದ ಉಳಿದೆಲ್ಲ ದೀಪಗಳೂ ಅವುಗಳನ್ನು ನೋಡಿ ಹುಚ್ಚೆದ್ದು ಮಿಟುಕಿದವು.

“ಬಂತು! ಮದ್ದೂರ್ ಲೈಟು!” ದೊಡ್ಡಬೀರಯ್ಯ ಡಬ್ಬಕ್ಕೆ ಕೈ ಮುಗಿದರು. “ಏನ್ ಜೋರ್ ಉರೀತಾದೆ ನೋಡವ್ವ ಸುಧಾ. ನಮ್ಮೂರಿಂದು ಅಂದ್ರೆ ಅಂಗೇ.”

ಕುರ್ಚಿಯೊಂದನ್ನು ಎಳೆದು ಡಬ್ಬದ ಕೆಳಗೆ ಹಾಕಿಕೊಂಡು ಕೂತರು. ಅಂಥ ದೀಪವನ್ನು ಕಾವಲಿಲ್ಲದೆ ಬಿಟ್ಟುಹೋಗುವ ಮನುಷ್ಯ ಅವರಲ್ಲ.

ಸುಧಾಮಣಿಯ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. ಪ್ರಿಂಟರು ಅರ್ಧ ಚೀಟಿ ಉಗುಳಿ ಸುಮ್ಮನಾಯಿತು. ತೂಕದ ಮನೆಯಿಂದ ಯಾರೋ ಹಳೆಯ ಕಾಲದ ಹಾಗೆ ಕೂಗಿದರು: “ಅಕ್ಕೋ, ಇಲ್ಲೆಲ್ಲ ನಿಂತೋಯ್ತು!”

ಗುರುಮಲ್ಲಯ್ಯನವರು ನಾಡಿ ಹಿಡಿದುಕೊಂಡೇ ಬಂದರು. “ರಂಗಸ್ವಾಮಿ, ನೀವು ಇನ್‌ಚಾರ್ಜು.”

ರಂಗಸ್ವಾಮಿಗೆ ತಾನು ಇನ್‌ಚಾರ್ಜು ಎಂಬುದು ಎಷ್ಟು ಚೆನ್ನಾಗಿ ನೆನಪಿತ್ತೆಂದರೆ, ಬೇರೇನೂ ನೆನಪಾಗಲಿಲ್ಲ. ಡಬ್ಬದ ಕರೆಂಟು ತೆಗೆದು ಹಾಕಿದ. ಒಂದು ಕ್ಷಣ ಎಲ್ಲವೂ ಸರಿಹೋಯಿತು. ಸುಧಾಮಣಿ ಉಸಿರು ಬಿಡುವಷ್ಟರಲ್ಲಿ ಚಕ್ರ ಮತ್ತೆ ತಿರುಗಿತು. ಪ್ರಿಂಟರಿನ ಬೆನ್ನು ತಟ್ಟಿದ. ತಂತಿಗಳನ್ನು ಬಾಚಣಿಗೆಯಲ್ಲಿ ಬಾಚಿದ ಹಾಗೆ ನೇರ ಮಾಡಿದ. ಯಂತ್ರಕ್ಕೆ ದೃಷ್ಟಿಯಾಗಿದೆ ಎಂದು ಯಾರೋ ಅಂದಾಗ ನಿಂಬೆಹಣ್ಣು ತರಿಸಲೂ ಒಪ್ಪಿದ. ಮಾವನ ತಂತಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಅದೊಂದೇ ಅಲ್ಲಿ ಜೋರಾಗಿ ಕೆಲಸ ಮಾಡುತ್ತಿದ್ದದ್ದು.

“ಕೈಯಲ್ಲಿ ಬರೆದುಕೊಟ್ಟರೆ?” ಎಂದು ಗುರುಮಲ್ಲಯ್ಯನವರು ಲಾರಿ ಡ್ರೈವರ್ ಶಂಕರ್‌ನನ್ನು ಕೇಳಿದರು. ಅವನು ಸುಲ್ತಾನ್ ಬತ್ತೇರಿಯವನು.

“ಕೈಬರಹ ನಮ್ಮ ಕಲ್ಲಿಕೋಟೆ ಮೊದಲಾಳಿ ನೋಡೋದಿಲ್ಲ ಸಾರೇ. ಒಂಬತ್ತಕ್ಕೆ ಗೇಟ್ ಪೂಟ್ಟಿದರೆ ನಾನು ಆನೆ ಜೊತೆ ಓಣಂ ಮಾಡಬೇಕು. ವೇಗಂ, ಸಾರೇ, ವೇಗಂ!”

ಸುನೀಲ್ ಕುಮಾರನಿಗೆ ಫೋನು ಮಾಡುವುದು ಇನ್‌ಚಾರ್ಜಿನ ಗೌರವಕ್ಕೆ ಕುಂದು ಎಂದು ರಂಗಸ್ವಾಮಿಗೆ ಅನ್ನಿಸಿತು. ಸುಧಾಮಣಿ ಕೇಳದೆ ಮಾಡಿದಳು. ಆದರೆ ಕಚೇರಿಯೊಳಗೆ ಕಡ್ಡಿಗಳು ಇರಲಿಲ್ಲ. ಅಂಗಳದ ಕಡೆಯ ಕಿಟಕಿಯ ಆಚೆ ಕೈ ಚಾಚಿ, ಸ್ಪೀಕರ್ ಹಾಕಿ ಹಿಡಿದರೆ ಮಾತ್ರ ಮಾತು ಕೇಳುತ್ತಿತ್ತು. ಕಿಟಕಿಯ ಕೆಳಗೆ ಹೆಂಗಸರು ಹೂವು ಆರಿಸುತ್ತಿದ್ದರು.

ಎಲ್ಲ ಲಕ್ಷಣಗಳನ್ನೂ ಕೇಳಿಸಿಕೊಂಡ ಸುನೀಲ್ ಕುಮಾರನ ದನಿ ಅಂಗಳದ ತುಂಬ ಮೊಳಗಿತು:

“ಮೇಡಂ, ಅಲ್ಲಿ ಯಾರೋ ಲೂಪ್ ಹಾಕಿಸಿದ್ದಾರೆ. ಗ್ಯಾರಂಟಿ. ಇರೋರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ, ಲೂಪ್ ಇದ್ರೆ ತೆಗೆಸಿಬಿಡಿ. ಆಮೇಲೆ ನೆಟ್‌ವರ್ಕ್ ತಾನಾಗಿ ಸರಿಹೋಗ—”

ಫೋನು ಕಟ್ಟಾಯಿತು.

ಅಂಗಳದಲ್ಲಿ ಹೂವು ಬೀಳುವ ಸದ್ದೂ ನಿಂತಿತು. ಆ ಅಂಗಳಕ್ಕೆ ಗೊತ್ತಿದ್ದ ಲೂಪು ಒಂದೇ. ಅದನ್ನು ಎರಡು ಹೆರಿಗೆಯಾದ ಮೇಲೆ, ಇನ್ನು ಸಾಕು ಎಂದು, ಆಸ್ಪತ್ರೆಯಲ್ಲಿ ಹೆಂಗಸರಿಗೆ ಹಾಕುತ್ತಾರೆ. ಅದರ ವಿಚಾರ ಗಂಡಸರ ಎದುರು ಯಾರೂ ಆಡುವುದಿಲ್ಲ.

“ಏನಂದ ಅವ್ನು?” ಎಂದು ಬಸವಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಏನಂದ, ಇನ್ನೊಂದ್ ಸಾರಿ ಅನ್ನನ ನೋಡನ!”

ಲೂಪ್ ಎಂದರೆ ಇಂಗ್ಲಿಷಿನಲ್ಲಿ ಕುಣಿಕೆ ಎಂಬ ಅರ್ಥವೂ ಇದೆಯೆಂದು ಸುಧಾಮಣಿ ಕಾಲೇಜಿನಲ್ಲಿ ಓದಿದ್ದಳು. ಮಾತನ್ನು ತೂಗಿ ಆಡುವುದು ಅವಳ ಸ್ವಭಾವ. ಅವಳು ತೂಗುತ್ತಿರುವಾಗಲೇ ಗುರುಮಲ್ಲಯ್ಯನವರು ಅವಳ ಗಂಡನ ಕಡೆ ತಿರುಗಿಬಿಟ್ಟಿದ್ದರು.

“ರಂಗಸ್ವಾಮಿ, ನೀವು ಇನ್‌ಚಾರ್ಜು. ಹೀಗೂ ಉಂಟೇನ್ರೀ?”

ರಂಗಸ್ವಾಮಿ ಕಣ್ಣು ಮುಚ್ಚಿ ಯೋಚಿಸಿದ. “ಸಾಧ್ಯತೆ ಇದೆ ಸಾರ್. ಅದರಲ್ಲಿರೋದೂ ತಾಮ್ರ, ನಮ್ಮ ತಂತೀಲಿರೋದೂ ತಾಮ್ರ. ತಾಮ್ರ ತಾಮ್ರ ಹತ್ತಿರ ಬಂದ್ರೆ...” ಅವನು ಒಂದು ದೊಡ್ಡ ಪದಕ್ಕೆ ತಡಕಾಡಿದ, ಅದು ಸಿಕ್ಕಿತು. “ಇಂಟರ್‌ಫಿಯರೆನ್ಸು.”

ಗುರುಮಲ್ಲಯ್ಯನವರಿಗೆ ಇಂಗ್ಲಿಷ್ ಪದಗಳ ಮೇಲೆ ಬಹಳ ಗೌರವ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾರ ಮುಖವನ್ನೂ ನೋಡದೆ, ಹುಣಸೇಮರವನ್ನು ಉದ್ದೇಶಿಸಿ ಹೇಳಿದರು: “ಅಮ್ಮಂದಿರೇ, ದಯವಿಟ್ಟು... ಯಾರ್ಯಾರಿಗೆ... ಅಂದರೆ, ಅದು ಇದ್ದವರು... ಸ್ವಲ್ಪ ಹೊತ್ತು ಮರದಾಚೆ ಹೋಗಿ ನಿಲ್ಲಬೇಕು. ನೂರು ಮೀಟರ್ ಆಚೆ ಹೋದರೆ ಸಾಕು.”

ಮುಂದಿನ ಗಲಾಟೆಯನ್ನು ಪೂರ್ತಿ ಬರೆಯುವುದು ಮರ್ಯಾದೆಯಲ್ಲ. ಬಸವಮ್ಮ ಅಂದದ್ದರಲ್ಲಿ ಬರೆಯಬಹುದಾದದ್ದು ಇಷ್ಟು: “ನಮ್ ವಟ್ಟೇಲಿರೋದ್ಕೂ ನಿಮ್ ಡಬ್ಬದಲ್ಲಿರೋದ್ಕೂ ಏನ್ ನಂಟಸ್ತನಾರೀ? ಬೆಳಗಿಂದ ನಾವ್ ಇಲ್ಲೇ ಕೂತಿವಿ, ಆಗ ಉರೀತಿರ್ನಿಲ್ವಾ ನಿಮ್ ಲೈಟು? ಈಗ ಕೆಟ್ಟದ್ದು ನಮ್ಮಿಂದ್ಲಾ? ಸುಂದ್ರಮ್ಮನ್ ಕರೀರಿ. ಅವ್ಳು ಬಂದು ನ್ಯಾಯ ಏಳೋ ಗಂಟ ಒಂದ್ ಬುಟ್ಟಿ ಎತ್ತಕ್ಕಿಲ್ಲ.”

ಹೆಂಗಸರೆಲ್ಲ ಬುಟ್ಟಿಗಳನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಇಷ್ಟು ಹೊತ್ತು ಚೀಟಿಯೊಂದೇ ಇರಲಿಲ್ಲ. ಈಗ ಹೂವು ಹೊರುವವರೂ ಇಲ್ಲವಾದರು. ಶಂಕರ್ ಲಾರಿಯ ಮುಂದಿನ ಗಣಪತಿಗೆ ಊದುಬತ್ತಿ ಹಚ್ಚಿದ. ದೊಡ್ಡಬೀರಯ್ಯ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. “ಯಾರೇನಾರ ಮಾಡ್ಕಳ್ಳಿ, ನಮ್ ಲೈಟ್ ಚೆನ್ನಾಗದೆ,” ಎಂದು ಆಗಾಗ ಹೇಳುತ್ತಿದ್ದರು.

ಆಶಾ ಕಾರ್ಯಕರ್ತೆ ಸುಂದ್ರಮ್ಮ ಚೀಲ ಹಿಡಿದು ಓಡುತ್ತ ಬಂದಳು. ಆ ಬಡಾವಣೆಯ ಬಾಣಂತಿಯರು, ಚುಚ್ಚುಮದ್ದು, ಲೂಪು ಎಲ್ಲ ಅವಳ ಜವಾಬ್ದಾರಿ. “ಯಾರಿಗೇನಾಯ್ತು? ಹೊಟ್ಟೆನೋವಾ?” ಎಂದು ಕೇಳಿದವಳು, ವಿಷಯ ತಿಳಿದು ಕೆಂಡವಾದಳು. ಸುಧಾಮಣಿಯ ಕೈಯಿಂದ ಫೋನು ಕಿತ್ತುಕೊಂಡು ಕಿಟಕಿಯಾಚೆ ಹಿಡಿದು ಅದೇ ನಂಬರನ್ನು ತಾನೇ ಒತ್ತಿದಳು.

“ಏನಪ್ಪಾ, ನೀನೇನಾ ಇಂಜಿನಿಯರು? ನಾನು ಆಶಾ ಸುಂದ್ರಮ್ಮ. ನಮ್ ಹೆಂಗಸ್ರು ಲೂಪ್ ಹಾಕಿಸ್ಕಂಡ್ರೆ ನಿಂಗೇನ್ ಕಷ್ಟ?”

“ಹಾಕಿಸ್ಕೊಂಡಿದ್ದಾರಾ! ನಾನು ಹೇಳಿರಲಿಲ್ವಾ? ಎಷ್ಟು ಲೂಪ್ ಇವೆ ಮೇಡಂ?”

“ಎಷ್ಟಾರ ಇರ್ತವೆ. ಈ ಬೀದೀಲೇ ಹದಿನೈದಿಪ್ಪತ್ತು.”

“ಇಪ್ಪತ್ತಾ? ಮೇಡಂ, ಒಂದಿದ್ರೇ ನೆಟ್‌ವರ್ಕ್ ಸತ್ತೋಗುತ್ತೆ! ಯಾವಾಗ ಹಾಕಿದ್ದು?”

“ಕೆಲವರ್ದು ಐದು ವರ್ಷ ಆಯ್ತು. ಒಬ್ಬರ್ಗೂ ಏನೂ ತೊಂದ್ರೆ ಇಲ್ಲ.”

“ಐದು ವರ್ಷದ ಹಿಂದೆ ಅಲ್ಲಿ ಕೇಬಲ್ಲೇ ಇರಲಿಲ್ವಲ್ಲ! ಯಾರು ಹಾಕಿದ್ದು ಇದನ್ನೆಲ್ಲ?”

“ಇನ್ಯಾರು ಹಾಕ್ತಾರೆ? ದೊಡ್ಡಾಸ್ಪತ್ರೆ ಡಾಕ್ಟ್ರಮ್ಮ.”

“ಡಾಕ್ಟರ್ ಯಾಕ್ರೀ ನಮ್ಮ ಕೇಬಲ್ ಮುಟ್ಟಿದ್ರು!” ಸುನೀಲ್ ಕುಮಾರ್ ಅಳುವ ಹಾಗಾಗಿದ್ದ.

“ಯಾವ ಕೇಬಲ್ಲು?” ಎಂದಳು ಸುಂದ್ರಮ್ಮ.

“ನೀಲಿ ಕೇಬಲ್ಲು! ಒಂದೇ ತಂತಿಯ ಎರಡೂ ತುದೀನ ಒಂದೇ ಡಬ್ಬಕ್ಕೆ ಚುಚ್ಚಿದ್ರೆ ಅದಕ್ಕೆ ಲೂಪ್ ಅಂತಾರೆ. ನೀವು ಯಾವ ಲೂಪ್ ಹೇಳ್ತಿದ್ದೀರಿ?”

ಸುಂದ್ರಮ್ಮ ತಾನು ಯಾವ ಲೂಪ್ ಹೇಳುತ್ತಿದ್ದಳೆಂಬುದನ್ನು, ಆರೋಗ್ಯ ಶಿಬಿರದಲ್ಲಿ ಹೇಳುವ ಹಾಗೆ, ಮುಚ್ಚುಮರೆಯಿಲ್ಲದೆ ಹೇಳಿದಳು. ಚಾಮರಾಜನಗರದ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕಡ್ಡಿಗಳು ಮಾತ್ರ ತುಂಬಾ ಇದ್ದವು. ಅಂಗಳದಲ್ಲಿ ಮೊದಲು ಬಸವಮ್ಮ ನಕ್ಕಳು, ಆಮೇಲೆ ಬುಟ್ಟಿಗಳ ಮೇಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಕೊನೆಗೆ ಸುನೀಲ್ ಕುಮಾರ್, ಸಣ್ಣ ದನಿಯಲ್ಲಿ, ಬಸ್ ಸ್ಟ್ಯಾಂಡಿಗೆ ಮರಳಿದ. “ಮೇಡಂ, ಒಂದು ಬಸ್ಸು ಹೊರಟು, ಯಾವ ಊರಿಗೂ ಹೋಗದೆ, ಪಕ್ಕದ ಪ್ಲಾಟ್‌ಫಾರ್ಮಿಗೇ ಬಂದು ನಿಂತಿತು ಅಂದ್ಕೊಳ್ಳಿ. ಇಳಿದವರು ‘ಪ್ರಿಂಟರ್ ಎಲ್ಲಿ, ಪ್ರಿಂಟರ್ ಎಲ್ಲಿ’ ಅಂತ ಕೂಗಿ ಮತ್ತೆ ಅದೇ ಬಸ್ ಹತ್ತುತ್ತಾರೆ. ಮತ್ತೆ ಇಳೀತಾರೆ, ಮತ್ತೆ ಕೂಗ್ತಾರೆ. ಸ್ಟ್ಯಾಂಡ್ ತುಂಬ ಅವರದೇ ಗದ್ದಲ. ನಿಜವಾಗಿ ಊರಿಗೆ ಹೋಗೋರಿಗೆ ಕಾಲಿಡೋಕೆ ಜಾಗ ಇಲ್ಲ. ಆ ತಂತಿಯ ಒಂದು ತುದಿ ಕಿತ್ತರೆ ಸಾಕು.”

ಎಲ್ಲರ ಕಣ್ಣೂ ಡಬ್ಬದ ಕಡೆ ತಿರುಗಿದವು. ಡಬ್ಬದಿಂದ ಒಂದು ನೀಲಿ ತಂತಿ ಹೊರಟು, ಹೂಮಾಲೆಯ ಹಾಗೆ ಬಾಗಿ, ಅದೇ ಡಬ್ಬಕ್ಕೆ ಮರಳಿತ್ತು. ಅದರ ನಡುವೆ, ಫೋಟೋದಲ್ಲಿ ಕೂತವರ ಹಾಗೆ, ದೊಡ್ಡಬೀರಯ್ಯ ಕೂತಿದ್ದರು.

“ರಂಗಸ್ವಾಮಿ,” ಎಂದರು ಗುರುಮಲ್ಲಯ್ಯನವರು. ಈ ಸಲ ಅವರು ಇನ್‌ಚಾರ್ಜು ಎನ್ನಲಿಲ್ಲ. “ಕೀಳಿ ಅದನ್ನ.”

ರಂಗಸ್ವಾಮಿ ಕೈ ಚಾಚಿದ. ಮಾವ ಎದ್ದು ನಿಂತರು.

“ಮುಟ್ಟಬ್ಯಾಡಿ ಅಳಿಯಂದ್ರೇ. ನಿಮ್ ಕೈಯಾರ ಹಾಕ್ಕೊಟ್ರಿ. ಊರ್ನಲ್ಲಿ ಜನ ಕಾಯ್ತಾವ್ರೆ. ನಮ್ಮೂರ್ ಲೈಟ್ ತೆಗ್ದು ಇವ್ರಿಗ್ ಚೀಟಿ ಕೊಡ್ತೀರಾ?”

“ಮಾವ, ಅದು... ಅಂದ್ರೆ... ಆ ಲೈಟು...” ಎಂದು ರಂಗಸ್ವಾಮಿ ತಡವರಿಸಿದ. ಒಂದು ಕಡೆ ಲಾರಿ ಹಾರನ್ ಹೊಡೆಯುತ್ತಿತ್ತು. ಇನ್ನೊಂದು ಕಡೆ ಮಾವನ ಮೀಸೆ ಅದುರುತ್ತಿತ್ತು. ಅವನು ಹೆಂಡತಿಯನ್ನು ನೋಡಿದ. ಮೇಜಿನ ಮೇಲಿನ ಫಲಕವೂ, ಗಾಳಿಗೆ ತಿರುಗಿ, ಅವಳನ್ನೇ ನೋಡುತ್ತಿತ್ತು.

ಆ ದೀಪ ಸುಳ್ಳು ಎಂದರೆ ಅಪ್ಪ ಹತ್ತು ಜನರ ಮುಂದೆ ತಲೆ ತಗ್ಗಿಸಬೇಕು. ನಿಜ ಎಂದರೆ ಲಾರಿ ಹೋಗುವುದಿಲ್ಲ. ಸುಧಾಮಣಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳಿದ ಸುಳ್ಳನ್ನು ಆಮೇಲೆ ನೆನಪಿಟ್ಟುಕೊಳ್ಳುವ ಕಷ್ಟವೇ ಅವಳಿಗೆ ಭಯ. ಅವಳು ಮಾತುಗಳನ್ನು ಒಂದೊಂದಾಗಿ ಆರಿಸಿದಳು.

“ಅಪ್ಪ, ನಮ್ಮೂರ ಹತ್ರ ಗೇಟು ಎಷ್ಟೊತ್ತಿಗೆ ಬೀಳೋದು?”

“ಒಂಬತ್ತಕ್ಕೆ. ಅದ್ಯಾಕ್ ಈಗ?”

“ಬಿದ್ದ ಮೇಲೆ ಏನಾದ್ರೂ ಒಳಗೆ ಬಿಡ್ತಾರಾ?”

“ಎಲ್ ಬುಡ್ತಾರೆ? ನೊಣಾನೂ ಬುಡಕ್ಕಿಲ್ಲ. ಮದುವೆ ದಿಬ್ಬಣಾನೇ ನಿಲ್ಸಿದ್ರು.”

“ಕಾಡೊಳಗೆ ರಾತ್ರಿ ಲೈಟ್ ಹಾಕಿದ್ರೆ ಫಾರೆಸ್ಟ್‌ನವರು ಸುಮ್ನೆ ಇರ್ತಾರಾ ಅಪ್ಪ?”

ದೊಡ್ಡಬೀರಯ್ಯ ಮಿಟುಕುವ ದೀಪದ ಕಡೆ ನೋಡಿದರು. ಕಾಡಂಚಿನಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ, ರಾತ್ರಿ ಹೊತ್ತು ಯಾವುದೆಲ್ಲ ನಿಷಿದ್ಧ ಎಂಬ ಪಟ್ಟಿಗೆ ಇನ್ನೊಂದು ಸೇರಿದರೆ ಆಶ್ಚರ್ಯವಾಗುವುದಿಲ್ಲ.

“ಓ... ನೆಟ್‌ವರ್ಕಿಗೂ ಗೇಟಾ?” ಎಂದರು ಮೆಲ್ಲಗೆ.

ಸುಧಾಮಣಿ ಪರದೆಯ ಕಡೆ ತಿರುಗಿದಳು. ಅವಳು ಕೇಳಿದ್ದು ಮೂರು ಪ್ರಶ್ನೆ; ಪ್ರಶ್ನೆ ಸುಳ್ಳಾಗುವುದು ಸಾಧ್ಯವಿಲ್ಲ.

“ಮೊದ್ಲೇ ಏಳ್ಬಾರ್ದಾ ಅಳಿಯಂದ್ರೇ?” ದೊಡ್ಡಬೀರಯ್ಯ ರೇಗಿದರು. “ನಾವೇನ್ ಕಾನೂನ್ ಗೊತ್ತಿಲ್ದೋರಾ? ಆನೆ ಮರಿ ಹಾಕಿರೋ ಕಾಲ ಬೇರೆ.” ಎಂದವರೇ ತಾವೇ ಕೈಯೆತ್ತಿ ತಂತಿಯ ಎರಡು ತುದಿಯನ್ನೂ ಟಕ್, ಟಕ್ ಎಂದು ಕಿತ್ತರು.

ದೀಪಗಳು ತಣ್ಣಗಾದವು. ಚಕ್ರ ನಿಂತಿತು. ಪ್ರಿಂಟರು ಒಮ್ಮೆ ಆಕಳಿಸಿ, ಹಿಡಿದಿಟ್ಟುಕೊಂಡಿದ್ದ ಚೀಟಿಗಳನ್ನೆಲ್ಲ ಒಂದರ ಹಿಂದೊಂದು ಸುರಿಯತೊಡಗಿತು. ಬಸವಮ್ಮ ಬುಟ್ಟಿಯಿಂದ ಎದ್ದು, ಕಾರ್ಯದರ್ಶಿಗಳು ಬಾಯಿಬಿಟ್ಟು ಕ್ಷಮೆ ಕೇಳುವವರೆಗೆ ನಿಂತಿದ್ದು, ಅವರು ಕೇಳಿದ ಮೇಲೆ, “ತಾಮ್ರದೋರೆಲ್ಲ ಬನ್ರವ್ವ, ಲಾರಿ ತುಂಬನ,” ಎಂದಳು. ಆ ಹೆಂಗಸರು ಅಷ್ಟು ಬೇಗ ಹೂವು ಹೊತ್ತದ್ದನ್ನು ಸಂಘ ಎಂದೂ ಕಂಡಿರಲಿಲ್ಲ.

ದೊಡ್ಡಬೀರಯ್ಯ ತಂತಿಯನ್ನು ಹಗ್ಗ ಸುತ್ತಿದ ಹಾಗೆ ಸುತ್ತಿ ಹೆಗಲಿಗೆ ಹಾಕಿಕೊಂಡು ಲಾರಿಯ ಮುಂದೆ, ಶಂಕರ್ ಪಕ್ಕದಲ್ಲಿ, ಹತ್ತಿ ಕೂತರು. ಊರು ಹೇಗೂ ದಾರಿಯಲ್ಲೇ ಇತ್ತು. ಗೇಟಿನ ಕಾವಲುಗಾರ ಕಂಬಿಗೆ ಕೈಹಾಕಿದ್ದಾಗ ಲಾರಿ ಅದರಡಿ ನುಸುಳಿತೆಂದು ಶಂಕರ್ ಆಮೇಲೆ ಫೋನು ಮಾಡಿ ಹೇಳಿದ. ಗುರುಮಲ್ಲಯ್ಯನವರು ಆ ದಿನ ಮೊದಲ ಸಲ ಕತ್ತಿನಿಂದ ಕೈ ತೆಗೆದರು. ರಂಗಸ್ವಾಮಿ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡ.

“ನಿಮ್ಮಪ್ಪನಿಗೆ ಸುಳ್ಳು ಹೇಳಿಬಿಟ್ಟೆಯಲ್ಲೇ,” ಎಂದ, ಮೆಚ್ಚುಗೆಯಿಂದ.

“ನಾನು ಏನೂ ಹೇಳಿಲ್ಲ,” ಎಂದಳು ಸುಧಾಮಣಿ. “ಕೇಳಿದೆ ಅಷ್ಟೆ.”

ಮಾರನೆಯ ಬೆಳಿಗ್ಗೆ ಅವಳು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಬೀದಿಯ ತಿರುವಿನಲ್ಲಿ ಮೊದಲ ಬಸ್ಸಿನಿಂದ ಇಳಿದ ಒಂದು ಗುಂಪು ಕಾಣಿಸಿತು. ಮುಂದೆ ದೊಡ್ಡಬೀರಯ್ಯ, ಹೆಗಲ ಮೇಲೆ ನೀಲಿ ತಂತಿ. ಹಿಂದೆ ಟೀ ಅಂಗಡಿಯ ಅಷ್ಟೂ ಜನ, ಎಲ್ಲರ ಕೈಯಲ್ಲೂ ಮೊಬೈಲು. ರಂಗಸ್ವಾಮಿ ಹಲ್ಲುಜ್ಜುತ್ತ ಹೊರಗೆ ಬಂದವನು, ಬ್ರಷ್ಷನ್ನು ಬಾಯಲ್ಲೇ ಬಿಟ್ಟು ಒಳಗೆ ಹೋದ.

“ಆರಕ್ಕೆಲ್ಲ ಗೇಟ್ ತೆಗೆದ್ರು ಕಣವ್ವ,” ಎಂದರು ದೊಡ್ಡಬೀರಯ್ಯ. “ಅಳಿಯಂದ್ರು ಇನ್ನೂ ಆಪೀಸ್ ತೆಗ್ದಿಲ್ವಾ?”

ಸುಧಾಮಣಿ ಬಿಂದಿಗೆ ಹಿಡಿದು ನಿಂತಳು. ಆಡಬಹುದಾದ ಮಾತುಗಳನ್ನೆಲ್ಲ ಒಂದೊಂದಾಗಿ ತೂಗಿದಳು. ಒಂದೂ ತೂಕಕ್ಕೆ ಬರಲಿಲ್ಲ. ಮತ್ತೆ ಒಂದು ಪ್ರಶ್ನೆಯೇ ಗತಿ ಎಂದುಕೊಂಡು ಕೇಳಿದಳು:

“ಅಪ್ಪ, ಎಲ್ಲಾರ್ಗೂ ಕಾಫಿನಾ, ಟೀನಾ?”

ದೊಡ್ಡಬೀರಯ್ಯ ಊರವರ ಕಡೆ ತಿರುಗಿ ನೋಡಿದರು. ಎಲ್ಲರೂ ಒಪ್ಪಿ, ಟವಲು ಹಾಸಿ ಜಗಲಿಯ ಮೇಲೆ ಸಾಲಾಗಿ ಕೂತರು.

“ಟೀನೇ ಮಾಡವ್ವ,” ಎಂದರು ಅವರು. “ಲೈಟ್ ಹತ್ಕಂಡ್ ಮ್ಯಾಲೆ ಕುಡೀತೀವಿ.”